ವರ್ಕ್ ಫ್ರಂ ಹೋಮ್‌ನಲ್ಲಿ ದಿನದ ಕೆಲಸ ಮುಗ್ಸಿ ಏಳೋದು ಹೇಗೆ

ಬೆಂಗಳೂರಲ್ಲಿ ಮಾನ್ಯತಾ ಟೆಕ್ ಪಾರ್ಕ್‌ನಿಂದಲೋ ಎಲೆಕ್ಟ್ರಾನಿಕ್ ಸಿಟಿಯಿಂದಲೋ ಕ್ಯಾಬ್ ಹತ್ತಿ ಮನೆ ಸೇರೋಕೆ ಗಂಟೆಗಟ್ಲೆ ಹಿಡೀತಿತ್ತು, ಸಿಲ್ಕ್ ಬೋರ್ಡ್ ಹತ್ರ ನಿಂತಲ್ಲೇ ನಿಂತು ಬೈಕೊಳ್ದೇ ಇದ್ದೋರು ಯಾರೂ ಇಲ್ಲ. ಆದ್ರೆ ಆ ದಾರೀಲಿ ನಮಗೇ ಗೊತ್ತಿಲ್ದಂಗೆ ಒಂದು ಕೆಲಸ ಆಗ್ತಿತ್ತು. ಮಧ್ಯಾಹ್ನ ಮೇಲಿನೋರ ತನಕ ಹೋದ ದೂರು, ಮ್ಯಾನೇಜರ್ ಆಡಿದ ಮಾತು, ಮುಗೀದೇ ಉಳಿದ ಕೆಲಸ ಎಲ್ಲಾ ಸ್ವಲ್ಪ ಸ್ವಲ್ಪವಾಗಿ ತಲೆಯಿಂದ ಇಳಿದು, ಮನೆ ಗೇಟ್ ತೆಗೆಯೋ ಹೊತ್ತಿಗೆ ಮನುಷ್ಯ ಮನೆಯೋನಾಗಿರ್ತಿದ್ದ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಲ್ಯಾಪ್‌ಟಾಪ್ ಮನೆಗೆ ಬಂತು, ಆ ದಾರಿ ಹೋಯ್ತು. ಈಗ ಕಾಲ್ ಕಟ್ ಮಾಡಿ ಎದ್ರೆ ಹತ್ತು ಹೆಜ್ಜೆಗೆ ಅಡುಗೆಮನೆ, ಕೈ ಒಗ್ಗರಣೆ ಹಾಕ್ತಿರುತ್ತೆ, ತಲೆ ಇನ್ನೂ ಕಾಲ್‌ನಲ್ಲೇ ಇರುತ್ತೆ.

ಇದಕ್ಕೆ ಸಂಶೋಧಕರು ಅಟೆನ್ಶನ್ ರೆಸಿಡ್ಯೂ ಅಂತಾರೆ, ಸೋಫಿ ಲೆರಾಯ್ ಅನ್ನೋರು 2009ರಲ್ಲಿ ಇದರ ಬಗ್ಗೆ ಬರೆದ್ರು, ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದ್ರೆ ಗಮನದ ಒಂದು ಭಾಗ ಹಳೇದ್ರಲ್ಲೇ ಉಳ್ಕೊಳ್ಳುತ್ತೆ ಅಂತ. ಹಾಗಾಗಿ ರಾತ್ರಿ ಊಟಕ್ಕೆ ಕೂತಾಗ ಮಗು ಏನೋ ಹೇಳ್ತಾ ಇದ್ರೆ ನಿಮಗೆ ಕೇಳಿಸ್ತಿಲ್ಲ ಅಂದ್ರೆ ಅದು ನಿಮ್ಮ ಪ್ರೀತಿ ಕಮ್ಮಿ ಆಗಿದ್ದಲ್ಲ. ದಾರಿ ಮಾಡ್ತಿದ್ದ ಕೆಲಸವನ್ನ ಈಗ ಯಾರೂ ಮಾಡ್ತಿಲ್ಲ, ಅಷ್ಟೇ. ಅದನ್ನ ನಾವೇ ಕೂತು ಮಾಡ್ಕೋಬೇಕು, ಮತ್ತೆ ಅದು ಮನೆಯೋರಿಗೂ ಟೀಮ್‌ನೋರಿಗೂ ಕಣ್ಣಿಗೆ ಕಾಣೋ ಹಾಗೆ ಮಾಡ್ಬೇಕು. ನಮ್ಮ ಮನಸ್ಸಲ್ಲಿ ಮಾತ್ರ ಇರೋ ಗಡಿಯನ್ನ ಬೇರೆಯೋರು ಹೇಗೆ ಪಾಲಿಸ್ತಾರೆ ಹೇಳಿ?

ನಾನು ಮೈಸೂರಲ್ಲಿ ಮನೆಯಿಂದ ಅಮೆರಿಕದ ಟೀಮ್ ಜೊತೆ ಕೆಲಸ ಮಾಡೋಳು, ಮನೇಲಿ ಹಿರಿಯರೂ ಇದ್ದಾರೆ, ಸ್ಕೂಲಿಗೆ ಹೋಗೋ ಮಗುವೂ ಇದೆ. ಹಾಗಾಗಿ ಬೇರೆ ದೇಶದ ಗಡಿಯಾರಕ್ಕೆ ಕೆಲಸ ಮಾಡ್ಕೊಂಡು, ಎರಡು ರೂಮಿನ ಮನೇಲಿ ನಾಲ್ಕೈದು ಜನದ ಜೊತೆ ಇರೋರನ್ನ ಮನಸ್ಸಲ್ಲಿ ಇಟ್ಕೊಂಡೇ ಇದನ್ನ ಬರೀತಿದೀನಿ. ಪ್ರತ್ಯೇಕ ಹೋಮ್ ಆಫೀಸ್ ರೂಮ್ ಇರೋರಿಗೆ ಅರ್ಧ ಸಮಸ್ಯೆ ಆಗ್ಲೇ ಮುಗ್ದಿರುತ್ತೆ.

ಮೊದಲು ಗಡಿಯಾರದ ಲೆಕ್ಕ

ಒಂದು ಪೇಪರ್ ತಗೊಳ್ಳಿ, ನಿಮ್ಮ ಕ್ಲೈಂಟ್ ಊರಿನ ಬೆಳಗ್ಗೆ 9 ಗಂಟೆ ಅಂದ್ರೆ ಇಲ್ಲಿ ಎಷ್ಟು ಅಂತ ಬರೀರಿ. ನ್ಯೂಯಾರ್ಕ್ ಆದ್ರೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಕ್ಯಾಲಿಫೋರ್ನಿಯಾ ಆದ್ರೆ ಬೇಸಿಗೆಯಲ್ಲಿ ರಾತ್ರಿ 9:30, ಚಳಿಗಾಲದಲ್ಲಿ 10:30. ಲಂಡನ್ ಆದ್ರೆ ಮಧ್ಯಾಹ್ನ 1:30 ಇಲ್ಲಾ 2:30. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಮುಂದೆ ಇಡ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ ಇಡ್ತಾರೆ. ನವೆಂಬರ್‌ನಲ್ಲಿ ನಿಮ್ಮ ಎಲ್ಲಾ ಕಾಲ್‌ಗಳೂ ಸುಮ್ನೆ ಒಂದು ಗಂಟೆ ತಡ ಆಗಿ ಊಟದ ಹೊತ್ತಿಗೆ, ಮಗು ಮಲಗಿಸೋ ಹೊತ್ತಿಗೆ ಬಂದು ಕೂರೋದು ಇದರಿಂದಾನೇ. ಯಾರೂ ಕೇಳಲ್ಲ, ಯಾರೂ ಹೇಳಲ್ಲ, ನಾಲ್ಕು ತಿಂಗಳು ಹಾಗೇ ನಡೆದುಹೋಗುತ್ತೆ. ಅಕ್ಟೋಬರ್ ಕೊನೇ ವಾರದಲ್ಲೇ ಕೇಳಿ, ಈ ಕಾಲ್ ನಮ್ಮ ಟೈಮ್‌ಗೆ ಹಿಂದಿನ ಹೊತ್ತಲ್ಲೇ ಇರ್ಲಿ, ನಿಮಗೆ ಒಂದು ಗಂಟೆ ಮುಂಚೆ ಆಗುತ್ತೆ, ಪರ್ವಾಗಿಲ್ವಾ ಅಂತ. ನ್ಯೂಯಾರ್ಕ್‌ನೋರಿಗೆ ಬೆಳಗ್ಗೆ 10 ಗಂಟೆಗೆ ಇದ್ದ ಕಾಲ್ 9ಕ್ಕೆ ಬಂದ್ರೆ ಸಾಮಾನ್ಯವಾಗಿ ಒಪ್ಕೋತಾರೆ. ಕೇಳ್ದೇ ಇದ್ರೆ ಮಾತ್ರ ಅದು ಅವರಿಗೆ ಹೊಳೆಯೋದೇ ಇಲ್ಲ.

ಆಮೇಲೆ ದಿನದಲ್ಲಿ ಎರಡು ಕಡೆ ಜೊತೆಗಿರ್ಬೇಕಾದ ಗಂಟೆಗಳು ಯಾವುವು ಅಂತ ಗುರುತು ಹಾಕಿ, ಎರಡು ಗಂಟೆನೋ ಮೂರು ಗಂಟೆನೋ. ಉಳಿದ ಕೆಲಸ ನಿಮ್ಮ ಹಗಲಲ್ಲಿ ಆಗ್ಬೇಕು. ಇಲ್ಲಿ ತುಂಬಾ ಜನ ಸೋಲೋದು ಎಲ್ಲಿ ಅಂದ್ರೆ, ಬೆಳಗ್ಗೆ 9ಕ್ಕೆ ಇಲ್ಲಿನ ಸ್ಟ್ಯಾಂಡ್‌ಅಪ್ ಅನ್ನೋ ದಿನದ ಚಿಕ್ಕ ಮೀಟಿಂಗ್‌ಗೂ ಕೂರ್ತಾರೆ, ರಾತ್ರಿ 10:30ರ ಕಾಲ್‌ಗೂ ಕೂರ್ತಾರೆ, ಮಧ್ಯದಲ್ಲಿ ಬಿಡುವೇ ಇಲ್ಲ. ರಾತ್ರಿ ಎಷ್ಟು ಗಂಟೆ ಕೊಡ್ತೀರೋ ಅಷ್ಟನ್ನ ಹಗಲಿಂದ ಕಳೀಲೇಬೇಕು, ಮತ್ತೆ ಕಳೆದಿದ್ದನ್ನ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿ ಇಡ್ಬೇಕು. ಔಟ್‌ಲುಕ್‌ನಲ್ಲೂ ಗೂಗಲ್ ಕ್ಯಾಲೆಂಡರ್‌ನಲ್ಲೂ ವರ್ಕಿಂಗ್ ಅವರ್ಸ್ ಅಂತ ಸೆಟ್ಟಿಂಗ್ ಇದೆ, ಅದನ್ನ ತುಂಬಿಸಿದ್ರೆ ಹೊರಗಿನ ಹೊತ್ತಲ್ಲಿ ಮೀಟಿಂಗ್ ಹಾಕೋರಿಗೆ ಅದು ಗೊತ್ತಾಗುತ್ತೆ.

ಮ್ಯಾನೇಜರ್‌ಗೆ ಒಂದು ಸಲ ಬರ್ದು ಕಳ್ಸಿ. ಇಂಗ್ಲಿಷ್‌ನಲ್ಲೇ ಬರೀತೀರ, ಆದ್ರೆ ಸಾರ ಹೀಗಿರ್ಲಿ: "ಸೋಮವಾರದಿಂದ ಗುರುವಾರ ರಾತ್ರಿ ಕಾಲ್ ಇರೋದ್ರಿಂದ ಆ ದಿನ ಬೆಳಗ್ಗೆ 11ಕ್ಕೆ ಶುರು ಮಾಡ್ತೀನಿ, ಸಂಜೆ 5ರಿಂದ 7ರ ತನಕ ಇರಲ್ಲ, ರಾತ್ರಿ 9:30 ಆದ್ಮೇಲೆ ತುರ್ತಿದ್ರೆ ಫೋನ್ ಮಾಡಿ, ಮೆಸೇಜ್ ಬೆಳಗ್ಗೆ ನೋಡ್ತೀನಿ." ಪರ್ಮಿಶನ್ ಕೇಳೋ ಹಾಗೆ ಬರೀಬೇಡಿ, ಜಗಳದ ಥರಾನೂ ಬರೀಬೇಡಿ, ನಿಮ್ಮ ಕೆಲಸದ ಹೊತ್ತು ಇದು ಅಂತ ತಿಳಿಸೋ ಥರ ಬರೀರಿ. ಏನಾದ್ರೂ ತೊಂದ್ರೆ ಇದ್ರೆ ಅವರೇ ವಾಪಸ್ ಹೇಳ್ತಾರೆ, ಆಗ ಮಾತಾಡಿ ಸರಿ ಮಾಡ್ಕೋಬಹುದು.

ಕೂರೋ ಜಾಗ

ಮಂಚದ ಮೇಲೆ ಕೂತು ಕೆಲಸ ಮಾಡ್ಬೇಡಿ, ದಯವಿಟ್ಟು. ಬೆನ್ನು ಹಾಳಾಗೋದು ಒಂದು ಕಡೆ ಇರ್ಲಿ, ಮಲಗೋ ಜಾಗದಲ್ಲಿ ದಿನಾ ಎಂಟು ಗಂಟೆ ಟೆನ್ಶನ್ ಮಾಡ್ಕೊಂಡ್ರೆ ರಾತ್ರಿ ಅದೇ ದಿಂಬಿಗೆ ತಲೆ ಕೊಟ್ಟಾಗ ನಿದ್ದೆ ಎಲ್ಲಿಂದ ಬರ್ಬೇಕು. ಒಂದು ಮೂಲೆ ಸಾಕು. ಹಳೇ ಹೊಲಿಗೆ ಮೆಷಿನ್ ಟೇಬಲ್, ಮಗುವಿನ ಸ್ಟಡಿ ಟೇಬಲ್, ಊರಿನ ಮನೆ ಆದ್ರೆ ಹಜಾರದ ಕಿಟಕಿ ಪಕ್ಕ, ಎಲ್ಲಾದ್ರೂ ಸರಿ, ಆದ್ರೆ ಕೆಲಸ ಅಂದ್ರೆ ಅದೊಂದೇ ಜಾಗ ಆಗಿರ್ಲಿ.

ಡೈನಿಂಗ್ ಟೇಬಲ್ ಬಿಟ್ರೆ ಗತಿ ಇಲ್ಲ ಅನ್ನೋರು ಒಂದು ನಿಯಮ ಇಟ್ಕೊಳ್ಳಿ. ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪ್, ಚಾರ್ಜರ್, ಹೆಡ್‌ಫೋನ್, ನೋಟ್‌ಬುಕ್ ಎಲ್ಲಾ ಬ್ಯಾಗ್‌ಗೆ ಹಾಕಿ ಬೀರುಗೆ ಹೋಗ್ಬೇಕು, ಆಮೇಲೇ ತಟ್ಟೆ ಇಡೋದು. ಮುಚ್ಚಿಟ್ಟ ಲ್ಯಾಪ್‌ಟಾಪ್ ಕಣ್ಣಿಗೆ ಕಾಣ್ತಿದ್ರೂ ಸಾಕು, ಒಂದೇ ಒಂದು ಮೇಲ್ ನೋಡಿ ಬಿಡೋಣ ಅನ್ಸುತ್ತೆ. ಕಣ್ಣಿಂದ ದೂರ ಇದ್ರೆ ಅದನ್ನ ತೆಗೆಯೋಕೆ ಎದ್ದು ಹೋಗ್ಬೇಕು, ಆ ಸೋಮಾರಿತನ ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತೆ.

ಮನೆಯೋರ ಜೊತೆ ಮಾತು

ಗಡಿ ಅಂದ ತಕ್ಷಣ ಎಲ್ರೂ ಆಫೀಸ್ ಮನೆಯೊಳಗೆ ಬರೋದ್ರ ಬಗ್ಗೆ ಮಾತಾಡ್ತಾರೆ. ಮನೆ ಆಫೀಸ್ ಒಳಗೆ ಬರೋದು ಅಷ್ಟೇ ದೊಡ್ಡ ವಿಷಯ, ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆ ಇದೇ ಜಾಸ್ತಿ ಸುಸ್ತು ಮಾಡೋದು. "ಹೆಂಗೂ ಮನೇಲೇ ಇದ್ದೀಯಲ್ಲ" ಅನ್ನೋ ಒಂದು ಮಾತಿಂದ ಶುರುವಾಗುತ್ತೆ. ಗ್ಯಾಸ್ ಸಿಲಿಂಡರ್ ಬಂದ್ರೆ ಇಳಿಸ್ಕೋ, ಕೊರಿಯರ್ ತಗೋ, ನೀರಿನ ಮೋಟರ್ ಆಫ್ ಮಾಡು, ಅತ್ತೆಗೆ ಮಾತ್ರೆ ಕೊಡು, ಬ್ಯಾಂಕ್‌ಗೆ ಒಂದು ಹೆಜ್ಜೆ ಹೋಗ್ಬಾ. ಒಂದೊಂದೂ ಐದೇ ನಿಮಿಷದ ಕೆಲಸ, ಆದ್ರೆ ಸಂಜೆ ಹೊತ್ತಿಗೆ ಲೆಕ್ಕ ಹಾಕಿದ್ರೆ ಕೂತು ಯೋಚನೆ ಮಾಡೋ ಒಂದು ಪೂರ್ತಿ ಗಂಟೆ ಎಲ್ಲೂ ಸಿಕ್ಕಿರಲ್ಲ, ಆ ಕೆಲಸ ರಾತ್ರಿಗೆ ಹೋಗುತ್ತೆ, ಆಮೇಲೆ ಅದೇ ಮನೆಯೋರು ರಾತ್ರಿ ಹನ್ನೊಂದಾದ್ರೂ ಮುಗ್ಸಲ್ವಲ್ಲ ಅಂತಾರೆ.

ಹಿರಿಯರ ಮೇಲೆ ಕೋಪ ಮಾಡ್ಕೋಬೇಡಿ. ಅವರು ಕಂಡಿದ್ದು ಬೆಳಗ್ಗೆ ಟಿಫಿನ್ ಕ್ಯಾರಿಯರ್ ತಗೊಂಡು ಹೋಗಿ ಸಂಜೆ ವಾಪಸ್ ಬರೋ ಕೆಲಸ. ಕುರ್ಚೀಲಿ ಕೂತು ಸುಮ್ನೆ ಸ್ಕ್ರೀನ್ ನೋಡ್ತಿರೋ ಮಗಳು ಕೆಲಸದಲ್ಲಿದ್ದಾಳಾ ಬಿಡುವಾಗಿದ್ದಾಳಾ ಅಂತ ಅವರಿಗೆ ಹೊರಗಿಂದ ನೋಡಿದ್ರೆ ಗೊತ್ತಾಗೋಕೆ ದಾರಿನೇ ಇಲ್ಲ. ಹಾಗಾಗಿ ಅದನ್ನ ಕಾಣೋ ಹಾಗೆ ಮಾಡಿ. ಗೋಡೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೀತಾರಲ್ಲ, ಅಲ್ಲೇ ಪಕ್ಕದಲ್ಲಿ ವಾರದ ಮೀಟಿಂಗ್ ಹೊತ್ತುಗಳನ್ನ ಕನ್ನಡದಲ್ಲಿ ದೊಡ್ಡದಾಗಿ ಬರೀರಿ, ಬರೀ ತಪ್ಪಿಸೋಕೆ ಆಗ್ದೇ ಇರೋ ಮೀಟಿಂಗ್‌ಗಳನ್ನ ಮಾತ್ರ. ಹೆಡ್‌ಫೋನ್ ಕಿವೀಲಿದ್ರೆ ಕರೀಬೇಡಿ, ಕತ್ತಿಗೆ ಇಳಿಸಿದ್ರೆ ಕರೀಬಹುದು ಅಂತ ಒಂದು ಗುರುತು ಮಾಡ್ಕೊಳ್ಳಿ. ಮಗುವಿಗೆ ಗಡಿಯಾರದ ದೊಡ್ಡ ಮುಳ್ಳು ತೋರ್ಸಿ, ಇದು ಆರರ ಹತ್ರ ಬಂದಾಗ ಅಮ್ಮ ಏಳ್ತಾಳೆ ಅಂತ ಹೇಳಿ, ಮತ್ತೆ ಆರರ ಹತ್ರ ಬಂದಾಗ ನಿಜವಾಗ್ಲೂ ಏಳಿ. ಎರಡು ಸಲ ಏಳ್ದೇ ಹೋದ್ರೆ ಮಗು ಮುಳ್ಳು ನೋಡೋದು ಬಿಟ್ಟು ಬಾಗಿಲು ಬಡಿಯೋಕೆ ಶುರು ಮಾಡುತ್ತೆ, ಅದು ನ್ಯಾಯವೇ.

ಹೆಣ್ಮಕ್ಕಳ ವಿಷಯ ಬೇರೇನೇ ಹೇಳ್ಬೇಕು. ಗಂಡ ಹೆಂಡ್ತಿ ಇಬ್ರೂ ಮನೆಯಿಂದ ಕೆಲಸ ಮಾಡೋ ಎಷ್ಟೋ ಮನೇಲಿ ಅವನು ರೂಮ್ ಬಾಗಿಲು ಹಾಕ್ಕೊಂಡ್ರೆ ಮೀಟಿಂಗ್, ಅವಳು ಹಾಲ್‌ನಲ್ಲಿ ಮ್ಯೂಟ್ ಮಾಡ್ಕೊಂಡು ಕುಕ್ಕರ್ ಆಫ್ ಮಾಡೋಕೆ ಓಡೋದು. ಇಬ್ರ ಸಂಬಳಾನೂ ಇಎಂಐಗೆ ಹೋಗೋವಾಗ ಬಾಗಿಲು ಮಾತ್ರ ಒಬ್ರಿಗೇ ಯಾಕೆ? ಇದನ್ನ ಬೇಜಾರಾಗಿ ಒಳಗೇ ಇಟ್ಕೊಳ್ಳೋ ಬದಲು ಭಾನುವಾರ ಸಂಜೆ ಇಬ್ರ ಕ್ಯಾಲೆಂಡರ್‌ನೂ ಒಟ್ಟಿಗೆ ತೆಗೆದು ಕೂತ್ಕೊಳ್ಳಿ. ಬಾಗಿಲು ಇರೋ ರೂಮ್ ಯಾವ ದಿನ ಯಾರಿಗೆ, ಕಾಲಿಂಗ್ ಬೆಲ್ ಆದ್ರೆ ಬೆಳಗ್ಗೆ ಹೊತ್ತು ಯಾರು ಏಳೋದು ಮಧ್ಯಾಹ್ನ ಯಾರು, ಮಗು ಸ್ಕೂಲ್ ವ್ಯಾನ್ ಇಳಿಯೋ ಹೊತ್ತು ಯಾರ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಆಗ್ಬೇಕು. ಇಷ್ಟು ಮಾತು ಹದಿನೈದು ನಿಮಿಷ ಹಿಡಿಯುತ್ತೆ, ಇದ್ರಿಂದ ತಪ್ಪೋ ಜಗಳ ಎಷ್ಟು ಅಂತ ಎರಡು ವಾರದಲ್ಲೇ ಗೊತ್ತಾಗುತ್ತೆ.

ಹೇಳ್ದೇ ಬರೋ ನೆಂಟರಿಗೆ ನಾನು ಹೇಳೋದು ಒಂದೇ: "ಬನ್ನಿ ಕೂತ್ಕೊಳ್ಳಿ, ಕಾಫಿ ಕೊಡ್ತೀನಿ, ನಂಗೆ ಐದೂವರೆ ತನಕ ಡ್ಯೂಟಿ ಇದೆ, ಆಮೇಲೆ ಆರಾಮಾಗಿ ಮಾತಾಡೋಣ." ಕೆಲಸ ಅನ್ನೋದಕ್ಕಿಂತ ಡ್ಯೂಟಿ ಅಂದ್ರೆ ಹಿರಿಯರಿಗೆ ಬೇಗ ನಾಟುತ್ತೆ. ಊರಿಗೆ ಹೋಗಿ ಅಲ್ಲಿಂದ ಕೆಲಸ ಮಾಡೋರಿಗೆ ಇದು ಇನ್ನೂ ಜಾಸ್ತಿ ಬೇಕು, ಯಾಕಂದ್ರೆ ಊರಿಗೆ ಬಂದಿದ್ದಾಳೆ ಅಂದ್ರೆ ರಜೆ ಅಂತಾನೇ ಲೆಕ್ಕ, ತೋಟಕ್ಕೆ ಬಾ ನಾಮಕರಣಕ್ಕೆ ಬಾ ಅಂತ ಕರೀತಾನೇ ಇರ್ತಾರೆ. ಹೋಗೋ ಮುಂಚೆನೇ ಫೋನಲ್ಲಿ ಹೇಳಿ, ಈ ದಿನ ರಜೆ, ಈ ದಿನ ಡ್ಯೂಟಿ ಅಂತ.

ಮನೆಯೋರನ್ನೆಲ್ಲಾ ಆಚೆ ಇಡಿ ಅಂತ ನಾನು ಹೇಳ್ತಿಲ್ಲ. ಮಧ್ಯಾಹ್ನದ ಬಿಸಿ ಅನ್ನ ಸಾರು ಮನೆಯೋರ ಜೊತೆ ಕೂತು ತಿನ್ನೋದು ವರ್ಕ್ ಫ್ರಂ ಹೋಮ್ ಕೊಟ್ಟಿರೋ ನಿಜವಾದ ಲಾಭ, ಅದನ್ನ ಲ್ಯಾಪ್‌ಟಾಪ್ ಮುಂದೆ ತಟ್ಟೆ ಇಟ್ಕೊಂಡು ಕಳ್ಕೋಬೇಡಿ. ಒಂದರಿಂದ ಒಂದೂಮುಕ್ಕಾಲು ಊಟ ಅಂತ ಕ್ಯಾಲೆಂಡರ್‌ನಲ್ಲಿ ಹಾಕಿ, ಫೋನ್ ಬೇರೆ ರೂಮಲ್ಲಿ ಇಡಿ.

ಫೋನ್

ಲ್ಯಾಪ್‌ಟಾಪ್ ಮುಚ್ಚಿಟ್ರೂ ಆಫೀಸ್ ಜೇಬಲ್ಲೇ ಇರುತ್ತೆ, ಹಾಗಾಗಿ ಇಲ್ಲಿ ಮನೋಬಲ ನಂಬ್ಕೋಬೇಡಿ, ಸೆಟ್ಟಿಂಗ್ ನಂಬಿ. ಕಂಪನಿ ಆ್ಯಪ್‌ಗಳು ಆಂಡ್ರಾಯ್ಡ್ ಫೋನಲ್ಲಿ ವರ್ಕ್ ಪ್ರೊಫೈಲ್ (ಆಫೀಸ್ ಆ್ಯಪ್‌ಗಳಿಗೇ ಅಂತ ಇರೋ ಬೇರೆ ಭಾಗ) ಒಳಗಿದ್ರೆ ಒಂದೇ ಬಟನ್‌ನಲ್ಲಿ ಎಲ್ಲಾ ತಾತ್ಕಾಲಿಕವಾಗಿ ನಿಲ್ಲಿಸ್ಬಹುದು, ಆ್ಯಪ್‌ಗಳು ಬೂದು ಬಣ್ಣಕ್ಕೆ ತಿರುಗುತ್ತೆ, ಬೆಳಗ್ಗೆ ಆನ್ ಮಾಡೋ ತನಕ ಒಂದು ಸದ್ದೂ ಇಲ್ಲ. ಐಫೋನ್‌ನಲ್ಲಿ ಫೋಕಸ್ ಅಂತ ಇದೆ, ಯಾವ ಆ್ಯಪ್ ಯಾವ ಹೊತ್ತಿಗೆ ಮಾತಾಡ್ಬೇಕು ಅಂತ ನೀವೇ ನಿಗದಿ ಮಾಡ್ಬಹುದು. ಆಫೀಸ್ ಮಾತುಕತೆಗೆ ಬಳಸೋ ಮೈಕ್ರೋಸಾಫ್ಟ್ ಟೀಮ್ಸ್‌ನ ಮೊಬೈಲ್ ಆ್ಯಪ್‌ನಲ್ಲಿ ನೋಟಿಫಿಕೇಶನ್ ಸೆಟ್ಟಿಂಗ್ ಒಳಗೆ ರಾತ್ರಿ ಹೊತ್ತು ಸುಮ್ಮನಿರೋ ಆಯ್ಕೆ ಇದೆ, ಅದೇ ಥರದ ಸ್ಲ್ಯಾಕ್ ಆ್ಯಪ್‌ನಲ್ಲಿ ನೋಟಿಫಿಕೇಶನ್ ಶೆಡ್ಯೂಲ್ ಇದೆ. ಒಂದ್ಸಲ ಕೂತು ಮಾಡಿದ್ರೆ ಮುಗೀತು.

ನಿಜವಾದ ತಲೆನೋವು ವಾಟ್ಸ್‌ಆ್ಯಪ್. ಟೀಮ್ ಗ್ರೂಪ್, ಪ್ರಾಜೆಕ್ಟ್ ಗ್ರೂಪ್, ಲೀಡ್‌ಗಳ ಗ್ರೂಪ್, ಅದರ ಮಧ್ಯದಲ್ಲೇ ಅಪ್ಪನ ಮೆಸೇಜ್, ಮಗುವಿನ ಕ್ಲಾಸ್ ಗ್ರೂಪ್. ಅಪ್ಪ ಕಳ್ಸಿದ್ದು ನೋಡೋಕೆ ತೆಗೆದ್ರೆ ಮ್ಯಾನೇಜರ್ ಹೆಸರು ಮೇಲೆ ಕೂತಿರುತ್ತೆ. ಆಫೀಸ್ ಗ್ರೂಪ್‌ಗಳನ್ನೆಲ್ಲಾ ಯಾವಾಗ್ಲೂ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ, ಹೊಸ ಮೆಸೇಜ್ ಬಂದ್ರೂ ಆರ್ಕೈವ್‌ನಲ್ಲೇ ಇರೋ ಹಾಗೆ ಸೆಟ್ಟಿಂಗ್ ಇದೆ, ಅದನ್ನ ಆನ್ ಮಾಡಿ. ಸಾಧ್ಯ ಆದ್ರೆ ಕೆಲಸದ ಮಾತು ಟೀಮ್ಸ್‌ನಲ್ಲೋ ಸ್ಲ್ಯಾಕ್‌ನಲ್ಲೋ ಮಾತ್ರ ಇರ್ಲಿ ಅಂತ ಟೀಮ್‌ನಲ್ಲಿ ಒಪ್ಪಿಸಿ.

ರಾತ್ರಿ ಹತ್ತಕ್ಕೆ ಬಂದ ಮೆಸೇಜ್‌ಗೆ ಒಂದು ಸಲ ಉತ್ತರ ಕೊಟ್ರೆ, ಇವರು ಹತ್ತಕ್ಕೂ ಸಿಗ್ತಾರೆ ಅಂತ ಎದುರಿನೋರು ಕಲೀತಾರೆ, ಇದು ಅವರ ಕೆಟ್ಟತನ ಅಲ್ಲ, ಎಲ್ರೂ ಕಲಿಯೋದೇ ಹಾಗೆ. ಮೆಸೇಜ್ ನೋಡಿದ್ರೂ ಉತ್ತರ ಬರ್ದು ಬೆಳಗ್ಗೆ 9ಕ್ಕೆ ಹೋಗೋ ಹಾಗೆ ಶೆಡ್ಯೂಲ್ ಮಾಡಿ, ಜಿಮೇಲ್‌ನಲ್ಲೂ ಔಟ್‌ಲುಕ್‌ನಲ್ಲೂ ಟೀಮ್ಸ್‌ನಲ್ಲೂ ಸ್ಲ್ಯಾಕ್‌ನಲ್ಲೂ ಇದು ಇದೆ. ಟೀಮ್ ಲೀಡ್‌ಗಳು ಇದನ್ನ ಓದ್ತಿದ್ರೆ ನಿಮ್ಗೆ ವಿಶೇಷವಾಗಿ ಕೇಳ್ಕೋತೀನಿ. ನೀವು ಅವಸರ ಇಲ್ಲ ನಾಳೆ ನೋಡು ಅಂತ ಬರ್ದು ರಾತ್ರಿ ಕಳ್ಸಿದ್ರೂ ಕೆಳಗಿನ ಹುಡುಗಿ ಅದನ್ನ ಓದಿ ಮಲಗಲ್ಲ. ನಿಮ್ಗೆ ರಾತ್ರಿನೇ ನೆನಪಾದ್ರೆ ಬರೀರಿ, ಕಳ್ಸೋದು ಬೆಳಗ್ಗೆ ಇರ್ಲಿ.

ತುರ್ತು ಅಂದ್ರೆ ಏನು ಅಂತ ಟೀಮ್ ಒಟ್ಟಿಗೆ ಕೂತು ಬರೀರಿ. ಗ್ರಾಹಕರು ಬಳಸ್ತಿರೋ ಸಿಸ್ಟಮ್ ನಿಂತುಹೋಗಿದೆ, ದುಡ್ಡಿನ ವ್ಯವಹಾರ ನಿಂತಿದೆ, ಡೇಟಾ ಸೋರಿಕೆ ಆಗಿದೆ, ಇವು ತುರ್ತು, ಇವಕ್ಕೆ ಫೋನ್ ಮಾಡ್ಬೇಕು. ಸ್ಲೈಡ್‌ನ ಬಣ್ಣ ಬದಲಾಯ್ಸೋದು ತುರ್ತಲ್ಲ. ಫೋನ್ ಮಾಡ್ಲೇಬೇಕು ಅನ್ನೋ ನಿಯಮ ಇದ್ರೆ ಎಷ್ಟೋ ತುರ್ತುಗಳು ತಾವೇ ಬೆಳಗ್ಗೆಗೆ ಹೋಗ್ತವೆ, ಯಾಕಂದ್ರೆ ರಾತ್ರಿ ಒಬ್ರ ಮನೆಗೆ ಫೋನ್ ಮಾಡೋಕೆ ಇನ್ನೂ ಜನಕ್ಕೆ ಸಂಕೋಚ ಇದೆ. ಯಾವ ಹೊತ್ತಲ್ಲಿ ಕರೆದ್ರೂ ಒಬ್ರು ಸಿಗ್ಲೇಬೇಕು (ಆನ್ ಕಾಲ್) ಅನ್ನೋ ಕೆಲಸ ಆದ್ರೆ ವಾರಕ್ಕೊಬ್ರು ಅಂತ ಸರದಿ ಹಾಕಿ, ಆ ವಾರ ಆದ್ಮೇಲೆ ಅದಕ್ಕೆ ಬದಲಿ ರಜೆ (ಕಾಂಪ್ ಆಫ್) ಕೇಳಿ ತಗೊಳ್ಳಿ.

ಕೊನೇ ಅರ್ಧ ಗಂಟೆ

ದಾರಿ ಮಾಡ್ತಿದ್ದ ಕೆಲಸ ಈಗ ಈ ಅರ್ಧ ಗಂಟೇಲಿ ಆಗ್ಬೇಕು. ಮೊದಲ ಹತ್ತು ನಿಮಿಷ ಹೊಸ ಕೆಲಸ ಮುಟ್ಬೇಡಿ. ಎಲ್ಲಿ ನಿಲ್ಸಿದೀನಿ, ನಾಳೆ ಮೊದಲು ಏನು ಮಾಡ್ಬೇಕು, ಯಾರಿಂದ ಏನು ಬರ್ಬೇಕಿದೆ ಅಂತ ಕೈಯಲ್ಲಿ ಬರೀರಿ. ಅರ್ಧಕ್ಕೆ ಬಿಟ್ಟ ಕೆಲಸ ತಲೇಲಿ ತಿರುಗ್ತಾ ಇರೋದು ಮರ್ತುಹೋದೀತು ಅನ್ನೋ ಭಯಕ್ಕೆ, ಪೇಪರ್ ಮೇಲೆ ಇದ್ರೆ ತಲೆ ಬಿಟ್ಬಿಡುತ್ತೆ. ಆಮೇಲೆ ಇವತ್ತಿಗೆ ಮುಗೀತು ಅಂತ ಟೀಮ್‌ಗೆ ಒಂದು ಲೈನ್ ಹಾಕಿ, ಲ್ಯಾಪ್‌ಟಾಪ್ ಸ್ಲೀಪ್‌ಗೆ ಹಾಕ್ದೇ ಪೂರ್ತಿ ಶಟ್‌ಡೌನ್ ಮಾಡಿ, ಮುಖ ತೊಳ್ದು ಬಟ್ಟೆ ಬದಲಾಯ್ಸಿ. ದಿನಪೂರ್ತಿ ನೈಟಿಲೋ ಬರ್ಮುಡಾದಲ್ಲೋ ಇದ್ದು ಮೀಟಿಂಗ್‌ಗೆ ಮಾತ್ರ ಮೇಲೊಂದು ಶರ್ಟ್ ಹಾಕ್ಕೊಳ್ಳೋರು ಬೆಳಗ್ಗೆನೇ ಕೆಲಸದ ಬಟ್ಟೆ ಹಾಕೋ ಅಭ್ಯಾಸ ಮಾಡ್ಕೊಳ್ಳಿ, ಆಗ ಸಂಜೆ ಬದಲಾಯ್ಸೋದಕ್ಕೂ ಒಂದು ಅರ್ಥ ಇರುತ್ತೆ.

ಆಮೇಲೆ ಹೊರಗೆ ಹೋಗಿ. ಇದನ್ನ ಬಿಡ್ಲೇಬೇಡಿ. ಇಪ್ಪತ್ತು ನಿಮಿಷ ಸಾಕು, ಕರಿಬೇವು ತರೋಕೋ ಹಾಲು ತರೋಕೋ, ಪಾರ್ಕ್‌ಗೋ, ಬೀದಿ ಕೊನೇ ಆಂಜನೇಯನ ಗುಡಿಗೋ. ಕಿವೀಲಿ ಆಫೀಸ್ ಕಾಲ್ ಇರ್ಬಾರ್ದು. ವಾಪಸ್ ಬಂದಾಗ ನೀವು ಮನೆಗೆ ಬಂದ ಹಾಗೆ ಆಗುತ್ತೆ, ಮನೆಯೋರಿಗೂ ಬಾಗಿಲು ತೆಗೆದು ಒಬ್ರು ಒಳಗೆ ಬಂದಿದ್ದು ಕಾಣುತ್ತೆ. ರಾತ್ರಿ 11:30ಕ್ಕೆ ಕಾಲ್ ಮುಗ್ಸೋರು ಹೊರಗೆ ಹೋಗೋಕಾಗಲ್ಲ, ಟೆರೇಸ್‌ನಲ್ಲೋ ಬಾಲ್ಕನಿಯಲ್ಲೋ ನಾಲ್ಕು ಸುತ್ತು ಓಡಾಡಿ, ಫೋನ್ ಹಾಲ್‌ನಲ್ಲೇ ಚಾರ್ಜ್‌ಗೆ ಹಾಕಿ ಮಲಗಿ. ಅಲಾರಂಗೆ ಒಂದು ಸಣ್ಣ ಗಡಿಯಾರ ತಗೊಳ್ಳಿ.

ಮೇಲಿನೋರು ಕೇಳ್ದೇ ಹೋದ್ರೆ

ಎಲ್ಲಾ ಮಾಡಿದ್ರೂ ದಿನಾ ಹನ್ನೆರಡು ಗಂಟೆ ಕೆಲಸ ಬರ್ತಿದ್ರೆ ಅದು ನಿಮ್ಮ ಶಿಸ್ತಿನ ಸಮಸ್ಯೆ ಅಲ್ಲ, ಜನ ಕಮ್ಮಿ ಇದ್ದು ಕೆಲಸ ಜಾಸ್ತಿ ಇರೋ ಸಮಸ್ಯೆ. ಆಗ ಯೋಗ ಮಾಡಿ, ಟೈಮ್ ಮ್ಯಾನೇಜ್‌ಮೆಂಟ್ ಕಲೀರಿ ಅಂತ ಹೇಳೋರ ಮಾತು ಕೇಳ್ಬೇಡಿ. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ, ಅದರ ಮೇಲೆ ಮಾಡಿದ್ರೆ ಓವರ್‌ಟೈಮ್‌ಗೆ ಎರಡು ಪಟ್ಟು ಕೊಡ್ಬೇಕು, ಆ ಓವರ್‌ಟೈಮ್ ಕೂಡ ಮೂರು ತಿಂಗಳಿಗೆ 50 ಗಂಟೆ ದಾಟೋ ಹಾಗಿಲ್ಲ. ಮ್ಯಾನೇಜ್‌ಮೆಂಟ್ ಸ್ಥಾನದಲ್ಲಿ ಇರೋರಿಗೆ ಇದು ಅನ್ವಯಿಸಲ್ಲ. 2024ರ ಜುಲೈನಲ್ಲಿ ಐಟಿಯೋರಿಗೆ ದಿನಕ್ಕೆ 14 ಗಂಟೆ ತನಕ ಕೆಲಸ ಮಾಡಿಸೋಕೆ ಬಿಡೋ ತಿದ್ದುಪಡಿಯ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಜೋರಾಗಿ ವಿರೋಧ ಮಾಡ್ತು. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕಕ್ಕೆ ಸಿಗದೇ ಇರೋ ಹಕ್ಕು ಕಾನೂನಲ್ಲೇ ಇದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಅವರು ಇದೇ ಹಕ್ಕನ್ನ ಲೋಕಸಭೇಲಿ 2018ರಲ್ಲಿ ಖಾಸಗಿ ಸದಸ್ಯರ ಮಸೂದೆಯಾಗಿ (ಸರ್ಕಾರದ ಬದಲು ಸದಸ್ಯರೇ ತರೋ ಮಸೂದೆ) ತಂದ್ರು, 2025ರಲ್ಲಿ ಮತ್ತೆ ತಂದ್ರು, ಅದು ಕಾನೂನಾಗಿಲ್ಲ.

ಆರೋಗ್ಯದ ಲೆಕ್ಕ ಇನ್ನೂ ನೇರವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದು, ವಾರಕ್ಕೆ 55 ಗಂಟೆ ಅಥವಾ ಜಾಸ್ತಿ ಕೆಲಸ ಮಾಡೋರಿಗೆ 35ರಿಂದ 40 ಗಂಟೆ ಮಾಡೋರಿಗಿಂತ ಸ್ಟ್ರೋಕ್ ಅಪಾಯ ಸುಮಾರು 35%, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯೋ ಅಪಾಯ 17% ಜಾಸ್ತಿ. ಮೂವತ್ತೈದರ ಹುಡುಗರು ಬಿಪಿ ಮಾತ್ರೆ ತಗೊಳ್ಳೋದು ನೋಡಿದಾಗೆಲ್ಲ ನಂಗೆ ಈ ಅಂಕಿನೇ ನೆನಪಾಗೋದು, ಸಂಕಟ ಆಗುತ್ತೆ.

ಮ್ಯಾನೇಜರ್ ಹತ್ರ ಹೋಗೋ ಮುಂಚೆ ದಾಖಲೆ ಮಾಡಿ. ದಿನಾ ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗೀತು, ರಾತ್ರಿ ಕಾಲ್ ಎಷ್ಟು ಅಂತ ಒಂದು ತಿಂಗಳು ಎಕ್ಸೆಲ್‌ನಲ್ಲಿ ಹಾಕಿ. ಆಮೇಲೆ "ಸುಸ್ತಾಗ್ತಿದೆ" ಅನ್ನೋದರ ಜೊತೆಗೆ "ಈ ಮೂರು ಕೆಲಸದಲ್ಲಿ ಈ ತಿಂಗಳು ಯಾವ ಎರಡು ಬೇಕು" ಅಂತ ಕೇಳಿ. ಇಲ್ಲ ಅನ್ನೋದು ಕಷ್ಟ ಆಗೋರಿಗೆ ಈ ಪ್ರಶ್ನೆ ಸುಲಭ.

ಹಬ್ಬಗಳನ್ನೂ ಈಗ್ಲೇ ಕ್ಯಾಲೆಂಡರ್‌ಗೆ ಹಾಕಿ. ಗೌರಿ ಹಬ್ಬ, ಆಯುಧ ಪೂಜೆ, ದೀಪಾವಳಿ ಎಲ್ಲಾ ಅಲ್ಲಿನೋರಿಗೆ ಮಾಮೂಲಿ ದಿನ, ಅವರ ಕ್ಯಾಲೆಂಡರ್‌ನಲ್ಲಿ ಅದು ತಾನಾಗೇ ಕಾಣಲ್ಲ. ಒಂದು ತಿಂಗಳ ಮುಂಚೆ ಹೇಳಿದ್ರೆ ರಿಲೀಸ್ ಡೇಟ್ ಕೂಡ ಸರಿಸ್ತಾರೆ, ಹಿಂದಿನ ದಿನ ಹೇಳಿದ್ರೆ ಪೂಜೆಗೆ ಕೂತ್ರೂ ಫೋನ್ ಪಕ್ಕದಲ್ಲೇ ಇಟ್ಕೊಂಡು ಕೂರ್ಬೇಕಾಗುತ್ತೆ.

ಇದೆಲ್ಲಾ ಒಂದೇ ವಾರಕ್ಕೆ ಮಾಡೋಕಾಗಲ್ಲ. ಈ ಭಾನುವಾರ ಫೋನ್ ಸೆಟ್ಟಿಂಗ್ ಮತ್ತೆ ಮನೆಯೋರ ಜೊತೆ ಮಾತು, ಸೋಮವಾರ ಮ್ಯಾನೇಜರ್‌ಗೆ ಮೆಸೇಜ್, ಅವತ್ತು ಸಂಜೆಯಿಂದಾನೇ ವಾಕಿಂಗ್. ಎರಡು ವಾರ ಬಿಟ್ಟು ಸೆಂಟ್ ಫೋಲ್ಡರ್ ತೆಗೆದು, ರಾತ್ರಿ 9 ಆದ್ಮೇಲೆ ನಿಮ್ಮಿಂದ ಹೋಗಿರೋ ಮೇಲ್‌ಗಳು ಯಾರಿಗೆ ಹೋಗಿವೆ ನೋಡಿ. ಸಾಮಾನ್ಯವಾಗಿ ಒಂದೋ ಎರಡೋ ಹೆಸರೇ ಮತ್ತೆ ಮತ್ತೆ ಇರುತ್ತೆ. ಇಡೀ ಕಂಪನಿ ಜೊತೆ ಮಾತಾಡೋ ಅಗತ್ಯ ಬೀಳಲ್ಲ, ಆ ಇಬ್ರ ಜೊತೆ ಹಗಲು ಹೊತ್ತಲ್ಲಿ ಒಂದು ಹದಿನೈದು ನಿಮಿಷದ ಕಾಲ್ ಹಾಕ್ಕೊಳ್ಳಿ, ರಾತ್ರಿ ಯಾಕೆ ಬೇಕಾಗ್ತಿದೆ ಅಂತ ಕೇಳಿ, ಅಲ್ಲಿಂದ ಸರಿ ಮಾಡ್ಕೊಂಡು ಬನ್ನಿ.